ತೇಪೆಗಳಿಂದ ಮುಖದವರೆಗೆ: ಭಾವಚಿತ್ರ ಬರೆಯುವ ಒಂದು ಕ್ರಮ

ಒಳ್ಳೆಯ ಭಾವಚಿತ್ರದ ಮುಂದೆ ನಿಂತವರು ಮೊದಲು ದೂರದಿಂದ ಆ ವ್ಯಕ್ತಿಯನ್ನು ನೋಡುತ್ತಾರೆ, ಆಮೇಲೆ ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಣ್ಣವನ್ನು ನೋಡುತ್ತಾರೆ. ದೂರದಲ್ಲಿ ಒದ್ದೆಯಾಗಿ ಹೊಳೆಯುತ್ತಿದ್ದ ಕಣ್ಣು ಹತ್ತಿರದಲ್ಲಿ ಕಣ್ಣಾಗಿ ಉಳಿಯುವುದಿಲ್ಲ. ಕಂದುಬಣ್ಣದ ಒಂದು ತೇಪೆ, ಅದರ ಪಕ್ಕಕ್ಕೆ ಬೂದುಬಣ್ಣದ ಇನ್ನೊಂದು ತೇಪೆ, ಮೇಲೊಂದು ತಿಳಿ ಚುಕ್ಕಿ ಮಾತ್ರ ಅಲ್ಲಿರುತ್ತದೆ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ, ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್' ಚಿತ್ರದಲ್ಲಿ ಪುಟ್ಟ ರಾಜಕುಮಾರಿಯ ಉಡುಪಿನ ಕಸೂತಿ ಹೀಗೆಯೇ ಹತ್ತಿರಕ್ಕೆ ಹೋದೊಡನೆ ಅವಸರದ ಬ್ರಷ್ ಗುರುತುಗಳಾಗಿ ಚದುರಿಹೋಗುತ್ತದೆ. ಟಿಷಿಯನ್ ತನ್ನ ಕೊನೆಗಾಲದಲ್ಲಿ ಬರೆದ ಚಿತ್ರಗಳನ್ನು ಹತ್ತಿರದಿಂದ ನೋಡಲಾಗದು, ದೂರದಿಂದ ನೋಡಿದರೆ ಅವು ಪರಿಪೂರ್ಣವಾಗಿ ಕಾಣುತ್ತವೆ ಎಂದು ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ 1568ರಲ್ಲಿಯೇ ಬರೆದಿದ್ದಾನೆ.

ಮುಖದ ಭ್ರಮೆ ಮತ್ತು ಬಣ್ಣದ ಅಮೂರ್ತತೆ ಎಂಬ ಈ ಎರಡು ನೋಟಗಳನ್ನು ಎರಡು ಬೇರೆ ಪಂಥಗಳೆಂದು ಕಲಿಸುವುದು ರೂಢಿಯಾಗಿದೆ: ಒಂದೋ ನೀವು ಯಥಾರ್ಥವಾದಿ, ಇಲ್ಲವೇ ಆಧುನಿಕ. ಚಿತ್ರ ಬರೆಯುವವನ ಕೈಗೆ ಈ ವಿಂಗಡಣೆಯಿಂದ ಏನೂ ಸಿಗುವುದಿಲ್ಲ. ಪ್ರತಿ ಭಾವಚಿತ್ರವೂ ಅಮೂರ್ತ ಆಕಾರಗಳಿಂದಲೇ ಆರಂಭವಾಗುತ್ತದೆ, ಹೋಲಿಕೆಯ ಬಹುಪಾಲು ಆ ಮೊದಲ ಹಂತದಲ್ಲಿಯೇ ಕೂಡಿಬರುತ್ತದೆ, ಮುಂದಿನದೆಲ್ಲವೂ ಎಲ್ಲಿ ಭ್ರಮೆಯನ್ನು ಬಿಗಿಗೊಳಿಸಬೇಕು ಮತ್ತು ಎಲ್ಲಿ ಬಣ್ಣವನ್ನು ಬಣ್ಣವಾಗಿಯೇ ಬಿಟ್ಟುಬಿಡಬೇಕು ಎಂಬ ತೀರ್ಮಾನಗಳ ಸರಣಿ. ಈ ಲೇಖನ ಆ ತೀರ್ಮಾನಗಳನ್ನು ಕೈಗೊಳ್ಳುವ ಒಂದು ಕ್ರಮವನ್ನು, ತೈಲವರ್ಣದಲ್ಲಿ, ನಾಲ್ಕೈದು ಬೈಠಕ್‌ಗಳಲ್ಲಿ (ಎದುರಿಗೆ ವ್ಯಕ್ತಿಯನ್ನು ಕೂರಿಸಿಕೊಂಡು ಬರೆಯುವ ಅವಧಿಗಳಲ್ಲಿ) ಮುಗಿಯುವ ಒಂದು ತಲೆಯ ಚಿತ್ರವನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ. ಆಕ್ರಿಲಿಕ್ ಬಳಸುವವರೂ ಇದನ್ನೇ ಅನುಸರಿಸಬಹುದು. ಆ ಬಣ್ಣ ಬೇಗ ಒಣಗುವುದರಿಂದ ಅಂಚುಗಳ ಕೆಲಸವನ್ನು ಮಾತ್ರ ಆಗಿಂದಾಗಲೇ ಮುಗಿಸಿಕೊಳ್ಳಬೇಕಾಗುತ್ತದೆ.

ಬೆಳಕು ಮತ್ತು ಆಸನ

ಬೆಳಕಿನ ಮೂಲ ಒಂದೇ ಇರಲಿ: ಒಂದು ಕಿಟಕಿ ಅಥವಾ ಒಂದು ದೀಪ, ರೂಪದರ್ಶಿಯ ತಲೆಗಿಂತ ಮೇಲೆ, ಪಕ್ಕಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿ. ಎರಡು ಕಡೆಯಿಂದ ಬೆಳಕು ಬಿದ್ದರೆ ಮುಖದ ಮೇಲೆ ನೆರಳಿನ ಸ್ಪಷ್ಟ ಆಕಾರ ಮೂಡುವುದಿಲ್ಲ, ಮತ್ತು ನಾವು ಹಿಡಿಯಬೇಕಾಗಿರುವುದು ಆ ಆಕಾರವನ್ನೇ. ರೂಪದರ್ಶಿಯಿಂದ ಎರಡರಿಂದ ಎರಡೂವರೆ ಮೀಟರ್ ದೂರದಲ್ಲಿ ಈಸಲ್ ನಿಲ್ಲಿಸಿ, ನಿಮ್ಮ ಬೆನ್ನ ಹಿಂದೆಯೂ ಅಷ್ಟೇ ಜಾಗವನ್ನು ಖಾಲಿ ಬಿಡಿ. ಹಿಂದೆ ಸರಿಯಲು ಜಾಗವಿಲ್ಲದ ಕೋಣೆಯಲ್ಲಿ ಭಾವಚಿತ್ರ ಬರೆಯುವುದು ಬಲು ಕಷ್ಟ. ಅಂಥಲ್ಲಿ ಹಿಂಬದಿಯ ಗೋಡೆಗೆ ಒಂದು ಕನ್ನಡಿ ತೂಗುಹಾಕಿ ಅದರಲ್ಲಿ ಚಿತ್ರವನ್ನು ನೋಡಿಕೊಂಡರೆ ದೂರವೂ ಇಮ್ಮಡಿಯಾಗುತ್ತದೆ, ಎಡಬಲ ಅದಲುಬದಲಾಗುವುದರಿಂದ ತಪ್ಪುಗಳೂ ಎದ್ದು ಕಾಣುತ್ತವೆ.

ಇಪ್ಪತ್ತೈದು ನಿಮಿಷಕ್ಕೊಮ್ಮೆ ರೂಪದರ್ಶಿಗೆ ಐದು ನಿಮಿಷ ವಿಶ್ರಾಂತಿ ಕೊಡಿ, ಕುರ್ಚಿಯ ಕಾಲು ಮತ್ತು ಪಾದಗಳಿರುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಸೆಜಾನ್ ತನ್ನ ಮುಂದೆ ಕುಳಿತವರು ಸೇಬಿನ ಹಾಗೆ ಅಲುಗಾಡದೆ ಇರಬೇಕೆಂದು ಬಯಸುತ್ತಿದ್ದನೆಂದು ಅವನಿಗಾಗಿ ಕುಳಿತಿದ್ದ ಚಿತ್ರವ್ಯಾಪಾರಿ ವೊಲ್ಲಾರ್ ಬರೆದಿದ್ದಾನೆ. ನೀವು ಅಷ್ಟು ಕಠಿಣರಾಗಬೇಕಿಲ್ಲ.

ಬಣ್ಣ ಮತ್ತು ಬ್ರಷ್

ನಾಲ್ಕೇ ಬಣ್ಣಗಳಿಂದ ಆರಂಭಿಸುವುದು ಒಳ್ಳೆಯದು: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ಬೆಚ್ಚಗಿನ ಕೆಂಪು, ಐವರಿ ಬ್ಲ್ಯಾಕ್. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್‌ನ ಹೆಸರಿನಿಂದ ಇಂದಿಗೂ ಕರೆಯಲಾಗುವ ಪ್ಯಾಲೆಟ್ ಇದು. ಇದರಲ್ಲಿ ನೀಲಿ ಇಲ್ಲ. ಆದರೆ ಬೆಚ್ಚಗಿನ ಬಣ್ಣಗಳ ನಡುವೆ ಕಪ್ಪುಬಿಳಿ ಬೆರೆಸಿದ ಬೂದು ತಾನಾಗಿಯೇ ನೀಲಿಯಂತೆ ಕಾಣುತ್ತದೆ. ಪಕ್ಕದ ಬಣ್ಣವೇ ಒಂದು ಬಣ್ಣದ ಹೆಸರನ್ನು ತೀರ್ಮಾನಿಸುತ್ತದೆ ಎಂಬುದನ್ನು ಯಾವ ಪಾಠವೂ ಇಷ್ಟು ಚೆನ್ನಾಗಿ ತಿಳಿಸಿಕೊಡಲಾರದು.

ಸುಮಾರು 40×50 ಸೆಂಟಿಮೀಟರ್‌ನ ಕ್ಯಾನ್ವಾಸ್ ಸಾಕು. ವಯಸ್ಕರ ತಲೆ ನೆತ್ತಿಯಿಂದ ಗಲ್ಲದವರೆಗೆ ಸುಮಾರು 22 ಸೆಂಟಿಮೀಟರ್ ಇರುತ್ತದೆ. ಚಿತ್ರದಲ್ಲಿ ಅದನ್ನು ಅದಕ್ಕಿಂತ ತುಸು ಚಿಕ್ಕದಾಗಿ ಬರೆಯಿರಿ, ಏಕೆಂದರೆ ನಿಜದ ಅಳತೆಯನ್ನು ಮೀರಿದ ತಲೆ ನೋಡುವವರ ಮೇಲೆ ಬಿದ್ದಂತೆ ಭಾಸವಾಗುತ್ತದೆ. ಬಿಳಿಯ ಕ್ಯಾನ್ವಾಸಿಗೆ ಮೊದಲೇ ತೆಳುವಾದ ಕಂದು ಅಥವಾ ಬೂದು ಬಳಿದು ಒಣಗಿಸಿಟ್ಟುಕೊಂಡರೆ ಬೆಳಕನ್ನೂ ನೆರಳನ್ನೂ ಒಂದು ನಡುವಿನ ಮಟ್ಟಕ್ಕೆ ಹೋಲಿಸಿ ಅಳೆಯಲು ಸಾಧ್ಯವಾಗುತ್ತದೆ. ಬ್ರಷ್‌ಗಳಲ್ಲಿ ಎರಡು ಸೆಂಟಿಮೀಟರ್ ಅಗಲದ ಚಪ್ಪಟೆ ಬ್ರಷ್ ಒಂದು, ಅದರ ಅರ್ಧದಷ್ಟಿನ ಎರಡು, ಚಿಕ್ಕದು ಒಂದು. ಆ ಚಿಕ್ಕದನ್ನು ಮೂರನೆಯ ಬೈಠಕ್‌ವರೆಗೆ ಪೆಟ್ಟಿಗೆಯಿಂದ ಹೊರಗೆ ತೆಗೆಯಬಾರದು. ಮೊದಲ ಪದರಗಳನ್ನು ಟರ್ಪೆಂಟೈನ್ ಬೆರೆಸಿ ತೆಳುವಾಗಿಯೂ, ಮೇಲಿನ ಪದರಗಳನ್ನು ಹೆಚ್ಚು ಎಣ್ಣೆಯಿರುವಂತೆಯೂ ಬಳಿಯಬೇಕು. ಇದು ತಲೆಕೆಳಗಾದರೆ ಮೇಲಿನ ಪದರ ಮೊದಲು ಒಣಗಿ ಮುಂದೆ ಬಿರುಕು ಬಿಡುತ್ತದೆ. ಕಿಟಕಿ ತೆರೆದಿರಲಿ.

ಮೊದಲ ಗಂಟೆ: ಎರಡೇ ಆಕಾರಗಳು

ರೂಪದರ್ಶಿಯನ್ನು ನೋಡುವಾಗ ಕಣ್ಣುಗಳನ್ನು ಅರೆಮುಚ್ಚಿ. ರೆಪ್ಪೆಗಳ ನಡುವಿನ ಸಂದು ಕಿರಿದಾದಂತೆ ಹುಬ್ಬಿನ ಕೂದಲು, ತುಟಿಯ ಗೆರೆ, ಚರ್ಮದ ಸುಕ್ಕು ಎಲ್ಲವೂ ಕರಗಿ, ಮುಖ ಎರಡು ದೊಡ್ಡ ಆಕಾರಗಳಾಗಿ ಒಡೆಯುತ್ತದೆ: ಬೆಳಕಿನದು ಒಂದು, ನೆರಳಿನದು ಒಂದು. ನೆರಳಿನ ಆಕಾರ ಸಾಮಾನ್ಯವಾಗಿ ಕಣ್ಣಿನ ಗುಳಿಯಿಂದ ಶುರುವಾಗಿ, ಮೂಗಿನ ಬದಿ ಹಿಡಿದು, ಕೆನ್ನೆ ದಾಟಿ, ಗಲ್ಲದಡಿಯಿಂದ ಕುತ್ತಿಗೆಗೆ ಹರಿದು ಕೂದಲಿನ ಕತ್ತಲೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಕಣ್ಣು, ಮೂಗು, ಕೆನ್ನೆ ಎಂಬ ಹೆಸರುಗಳಿಲ್ಲ. ಅದು ಒಂದು ದ್ವೀಪದ ನಕ್ಷೆಯ ಹಾಗೆ ಅಂಕುಡೊಂಕಾದ ಒಂದೇ ಆಕಾರ.

ಈ ನಕ್ಷೆಯನ್ನು ದೊಡ್ಡ ಬ್ರಷ್ಷಿನಿಂದ, ಒಂದೇ ಮಧ್ಯಮ ಕಂದಿನಲ್ಲಿ, ಹೊರರೇಖೆ ಎಳೆಯದೆ ನೇರವಾಗಿ ತುಂಬಿ. ಬೆಳಕಿನ ಭಾಗವನ್ನು ಮುಟ್ಟಬೇಡಿ. ಮೊದಲ ಗಂಟೆಯಿಡೀ ಇದೊಂದೇ ಕೆಲಸ: ಕಂದಿನ ಅಂಚನ್ನು ಅಲ್ಲಿ ಹಿಗ್ಗಿಸುವುದು, ಇಲ್ಲಿ ಬಟ್ಟೆಯಿಂದ ಒರೆಸಿ ಕುಗ್ಗಿಸುವುದು. ಐದಾರು ಸಲ ತಿದ್ದಿದ ಮೇಲೆ, ಕಣ್ಣಿಲ್ಲದ, ಬಾಯಿಲ್ಲದ ಆ ತೇಪೆಯಲ್ಲಿ ಎದುರಿಗೆ ಕುಳಿತ ವ್ಯಕ್ತಿಯೇ ಥಟ್ಟನೆ ಕಾಣಿಸಿಕೊಳ್ಳುತ್ತಾರೆ. ಬೀದಿಯ ಆ ತುದಿಯಲ್ಲಿ ಬರುತ್ತಿರುವ ಗೆಳೆಯನನ್ನು ಅವನ ಕಣ್ಣುಮೂಗು ಕಾಣುವ ಮೊದಲೇ ನಾವು ಗುರುತಿಸುತ್ತೇವಲ್ಲ, ಅದೇ ಇಲ್ಲಿಯೂ ನಡೆಯುತ್ತದೆ. ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ 1973ರಲ್ಲಿ ಪ್ರಕಟಿಸಿದ ಅಬ್ರಹಾಂ ಲಿಂಕನ್‌ನ ಚಿತ್ರದಲ್ಲಿದ್ದದ್ದು ಬೂದುಬಣ್ಣದ ಚೌಕಗಳು ಮಾತ್ರ. ಹತ್ತಿರದಿಂದ ಅವು ಬರೀ ಚೌಕಗಳು, ದೂರ ಸರಿದರೆ ಅಥವಾ ಕಣ್ಣು ಅರೆಮುಚ್ಚಿದರೆ ಸಂದೇಹಕ್ಕೆ ಎಡೆಯಿಲ್ಲದಂತೆ ಲಿಂಕನ್.

ಈ ಹಂತದಲ್ಲಿ ಹೋಲಿಕೆ ಬರದಿದ್ದರೆ ಮುಂದಿನ ಹಂತದಲ್ಲಿ ಬಂದೀತೆಂದು ಕಾಯಬೇಡಿ. ನಾನು ಕಲಿಯುತ್ತಿದ್ದಾಗ ಎರಡು ವರ್ಷಗಳ ಕಾಲ ಮಾಡಿದ ತಪ್ಪು ಇದೇ: ಆಕಾರ ಸೊಟ್ಟಗಿದೆಯೆಂದು ಒಳಮನಸ್ಸಿಗೆ ಗೊತ್ತಿದ್ದರೂ, ರೆಪ್ಪೆಗೂದಲನ್ನು ಒಂದೊಂದಾಗಿ ಬರೆದರೆ ಎಲ್ಲವೂ ಸರಿಹೋಗುತ್ತದೆಂದು ನಂಬಿದ್ದೆ. ಅಚ್ಚುಕಟ್ಟಾದ ರೆಪ್ಪೆಗಳುಳ್ಳ, ಯಾರನ್ನೂ ಹೋಲದ ಮುಖಗಳು ನನ್ನ ಬಳಿ ಒಂದು ಕಟ್ಟು ಇವೆ.

ಅಳತೆಯ ಪರೀಕ್ಷೆ

ತೇಪೆ ನಿಂತ ಮೇಲೆ ಅಳೆಯಿರಿ. ಅಳೆದು ಆಮೇಲೆ ತೇಪೆ ಹಾಕುವ ಕ್ರಮ ಚಿತ್ರವನ್ನು ಬಿಗಿಯಾಗಿಸುತ್ತದೆ. ಬ್ರಷ್ಷಿನ ಹಿಡಿಯನ್ನು ಚಾಚಿದ ಕೈಯಲ್ಲಿ ಹಿಡಿದು ಮೂರು ಸಂಗತಿಗಳನ್ನು ನೋಡಿದರೆ ಸಾಕು. ನೇರವಾಗಿ ನೋಡುತ್ತಿರುವ ತಲೆಯಲ್ಲಿ ಕಣ್ಣುಗಳು ನೆತ್ತಿಗೂ ಗಲ್ಲಕ್ಕೂ ಸರಿಸುಮಾರು ನಡುಮಧ್ಯದಲ್ಲಿರುತ್ತವೆ, ಆರಂಭಿಕರೆಲ್ಲರೂ ಅವನ್ನು ಮೇಲಕ್ಕೆ ಏರಿಸುತ್ತಾರೆ. ಎರಡು ಕಣ್ಣುಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಕಣ್ಣಿನ ಅಗಲದಷ್ಟಿರುತ್ತದೆ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ತಳದ ಮಟ್ಟದವರೆಗೆ ಚಾಚಿಕೊಂಡಿರುತ್ತದೆ. ಇವು ಸರಾಸರಿಗಳು. ನಿಮ್ಮ ರೂಪದರ್ಶಿ ಈ ಸರಾಸರಿಯಿಂದ ಎಲ್ಲಿ ದೂರ ಸರಿದಿದ್ದಾರೋ ಅಲ್ಲಿಯೇ ಅವರ ಹೋಲಿಕೆ ಇದೆ, ಆದ್ದರಿಂದ ಆ ವ್ಯತ್ಯಾಸವನ್ನು ಸರಾಸರಿಯ ಕಡೆಗೆ ಎಳೆಯದೆ ಇರುವಷ್ಟೇ, ಬೇಕಿದ್ದರೆ ಕೂದಲೆಳೆಯಷ್ಟು ಹೆಚ್ಚಾಗಿ, ಉಳಿಸಿಕೊಳ್ಳಿ.

ಕ್ಯಾನ್ವಾಸನ್ನು ತಲೆಕೆಳಗು ಮಾಡಿ ನೋಡುವ ಹಳೆಯ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. ಅದು ಆಕಾರಗಳನ್ನು ನೋಡಲು ನಿಜವಾಗಿಯೂ ನೆರವಾಗುತ್ತದೆ, ಏಕೆಂದರೆ ತಲೆಕೆಳಗಾದ ಮುಖವನ್ನು ನಮ್ಮ ಮಿದುಳು ಮುಖವೆಂದು ಅಷ್ಟು ಸುಲಭವಾಗಿ ಓದುವುದಿಲ್ಲ. ಆದರೆ ಹೋಲಿಕೆಯನ್ನು ಆ ಸ್ಥಿತಿಯಲ್ಲಿ ತೀರ್ಮಾನಿಸಬಾರದು. ಮನೋವಿಜ್ಞಾನಿ ಪೀಟರ್ ಥಾಂಪ್ಸನ್ 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಛಾಯಾಚಿತ್ರದಲ್ಲಿ ಕಣ್ಣು ಮತ್ತು ಬಾಯಿಯನ್ನು ಮಾತ್ರ ತಿರುವಿಟ್ಟು ತೋರಿಸಿದ್ದು ಇದನ್ನೇ: ಚಿತ್ರ ತಲೆಕೆಳಗಾಗಿದ್ದಾಗ ಏನೂ ಕೆಟ್ಟಂತೆ ತೋರುವುದಿಲ್ಲ, ನೇರ ಮಾಡಿದೊಡನೆ ಮುಖ ವಿಕಾರವಾಗಿ ಕಾಣುತ್ತದೆ. ಆಕಾರಕ್ಕೆ ತಲೆಕೆಳಗು, ಹೋಲಿಕೆಗೆ ನೇರ, ಎರಡಕ್ಕೂ ಕನ್ನಡಿ.

ಛಾಯೆ ಮೊದಲು, ಬಣ್ಣ ಆಮೇಲೆ

ಎರಡನೆಯ ಬೈಠಕ್‌ನಲ್ಲಿ ಬಣ್ಣ ಬರುತ್ತದೆ. ಇಲ್ಲಿ ಛಾಯೆ ಎಂದರೆ ಬಣ್ಣದ ಹೆಸರನ್ನು ಬದಿಗಿಟ್ಟು ನೋಡಿದಾಗ ಉಳಿಯುವ ಬೆಳಕು-ಕತ್ತಲೆಯ ಮಟ್ಟ. ನೆರಳಿನ ತೇಪೆಯೊಳಗಿನ ಅತ್ಯಂತ ಬೆಳಕಾದ ಜಾಗವೂ ಬೆಳಕಿನ ತೇಪೆಯೊಳಗಿನ ಅತ್ಯಂತ ಕಪ್ಪಾದ ಜಾಗಕ್ಕಿಂತ ಕಪ್ಪಾಗಿಯೇ ಇರಬೇಕು ಎಂಬ ಒಂದು ನಿಯಮವನ್ನು ಪಾಲಿಸಿದರೆ, ಬಣ್ಣದ ವಿಚಾರದಲ್ಲಿ ನಿಮಗೆ ಆಶ್ಚರ್ಯವಾಗುವಷ್ಟು ಸ್ವಾತಂತ್ರ್ಯ ದೊರೆಯುತ್ತದೆ. ಮಾತಿಸ್ 1905ರಲ್ಲಿ ತನ್ನ ಹೆಂಡತಿಯ ಭಾವಚಿತ್ರವನ್ನು ಬರೆದಾಗ ಹಣೆಯಿಂದ ಮೂಗಿನ ಗುಂಟ ಒಂದು ಹಸಿರು ಪಟ್ಟೆಯನ್ನು ಎಳೆದ. ಅದರ ಒಂದು ಬದಿಯ ಮುಖ ಹಳದಿಯತ್ತ, ಇನ್ನೊಂದು ಬದಿಯದು ಗುಲಾಬಿಯತ್ತ ವಾಲುತ್ತದೆ. ಯಾವ ಚರ್ಮವೂ ಆ ಬಣ್ಣದ್ದಲ್ಲ. ಆದರೂ ಆ ಪಟ್ಟೆ ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿಯೇ ನಿಂತು ಮುಖಕ್ಕೆ ಉಬ್ಬು ಕೊಡುತ್ತದೆ. ಇದೇ ಚಿತ್ರದ ಕಪ್ಪುಬಿಳುಪು ಪ್ರತಿಯನ್ನು ನೋಡಿದರೆ ವಿಚಿತ್ರವೆನಿಸುವುದು ಬಹಳ ಕಡಿಮೆಯಾಗುತ್ತದೆ. ನಿಮ್ಮ ಚಿತ್ರವನ್ನೂ ಫೋನಿನಲ್ಲಿ ತೆಗೆದು ಕಪ್ಪುಬಿಳುಪಿಗೆ ಬದಲಿಸಿ ಪ್ರತಿ ಬೈಠಕ್‌ನ ಕೊನೆಗೆ ಒಮ್ಮೆ ನೋಡಿಕೊಳ್ಳಿ.

ಬಣ್ಣವನ್ನು ಪ್ಯಾಲೆಟ್ಟಿನ ಮೇಲೆ ಹೊಂದಿಸಿ, ಕ್ಯಾನ್ವಾಸಿನ ಮೇಲೆ ಒಮ್ಮೆ ಇಟ್ಟು ಕೈ ಎತ್ತಿ. ಇಟ್ಟ ತೇಪೆಯನ್ನು ಪಕ್ಕದ ತೇಪೆಯೊಂದಿಗೆ ತಕ್ಷಣವೇ ತಿಕ್ಕಿ ಬೆರೆಸುವ ಚಟ ಹೊಸಬರನ್ನು ಬಹಳ ಕಾಡುತ್ತದೆ. ಹಾಗೆ ತಿಕ್ಕಿದ ಮುಖ ಮೇಣದ ಬೊಂಬೆಯಂತಾಗುತ್ತದೆ, ಏಕೆಂದರೆ ಕೆನ್ನೆಯ ಮೂಳೆಯ ತಿರುವು, ಹಣೆಯ ಸಮತಲ, ಕಣ್ಣಿನಡಿಯ ತಗ್ಗು ಎಂಬ ಭೇದಗಳು ಆ ತಿಕ್ಕಾಟದಲ್ಲಿ ಅಳಿಸಿಹೋಗುತ್ತವೆ. ಎರಡು ತೇಪೆಗಳ ನಡುವೆ ಹೊಂದಿಕೆಯಿಲ್ಲವೆನಿಸಿದರೆ ನಡುವಿನ ಮಟ್ಟದ ಮೂರನೆಯ ತೇಪೆಯೊಂದನ್ನು ಇಡಿ. ನಯಗೊಳಿಸುವ ಕೆಲಸವನ್ನು ನೋಡುವವರ ಕಣ್ಣು ದೂರದಲ್ಲಿ ನಿಂತು ತಾನೇ ಮಾಡಿಕೊಳ್ಳುತ್ತದೆ.

ಅಂಚುಗಳು

ಭ್ರಮೆ ಮತ್ತು ಅಮೂರ್ತತೆಗಳ ನಡುವಿನ ಎಳೆದಾಟವನ್ನು ನಿಮ್ಮ ಕೈಯಲ್ಲಿ ನಿಜವಾಗಿ ಹಿಡಿದುಕೊಳ್ಳಬಹುದಾದ ಜಾಗವೆಂದರೆ ಅಂಚು. ಎರಡು ತೇಪೆಗಳು ಸೇರುವಲ್ಲಿ ಅಂಚು ಗಟ್ಟಿಯಾಗಿರಬಹುದು, ಮೆತ್ತಗಿರಬಹುದು, ಇಲ್ಲವೇ ಪೂರ್ತಿ ಕಳೆದುಹೋಗಿರಬಹುದು. ಗಟ್ಟಿ ಅಂಚು ಕಣ್ಣನ್ನು ತನ್ನ ಕಡೆ ಸೆಳೆಯುತ್ತದೆ. ಮೆತ್ತಗಿನದು ಆಕಾರ ಹಿಂದಕ್ಕೆ ತಿರುಗುತ್ತಿದೆಯೆಂದು ಹೇಳುತ್ತದೆ. ಕಳೆದುಹೋದ ಅಂಚು ನೋಡುವವರೇ ತುಂಬಿಕೊಳ್ಳಲೆಂದು ಬಿಟ್ಟ ಜಾಗ. ಲಿಯೊನಾರ್ಡೊ 'ಮೋನಾ ಲೀಸಾ'ದ ಬಾಯಿ ಮತ್ತು ಕಣ್ಣುಗಳ ಕೊನೆಗಳನ್ನು ಹೊಗೆಯಂಥ ಮೆತ್ತನೆಯ ನೆರಳಿನಲ್ಲಿ ಕರಗಿಸಿಟ್ಟಿದ್ದರಿಂದಲೇ ಆ ನಗು ಇದೆಯೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಮೂರನೆಯ ಬೈಠಕ್‌ನಲ್ಲಿ ಇಡೀ ಚಿತ್ರವನ್ನು ಅಂಚುಗಳಿಗಾಗಿ ಮಾತ್ರ ನೋಡಿ. ಮೊದಲಿಗೆ, ಹಿನ್ನೆಲೆಯ ಛಾಯೆಯನ್ನು ಮುಖದ ನೆರಳಿನ ಬದಿಯ ಛಾಯೆಗೆ ಸಮ ಮಾಡಿ, ಒಣ ಬ್ರಷ್ಷಿನಿಂದ ಗಡಿಯನ್ನು ಒಂದೆರಡು ಕಡೆ ಅಳಿಸಿಬಿಡಿ. ಕೆನ್ನೆ ಮತ್ತು ಗೋಡೆ ಒಂದೇ ತೇಪೆಯಾಗಬೇಕು. ಇದಕ್ಕೆ ಧೈರ್ಯ ಬೇಕು, ಏಕೆಂದರೆ ಹತ್ತಿರದಿಂದ ನೋಡಿದಾಗ ಅರ್ಧ ಮುಖವನ್ನೇ ಕಳೆದುಕೊಂಡಂತೆ ಅನಿಸುತ್ತದೆ. ಹಿಂದೆ ಸರಿದು ನೋಡಿದರೆ ತಲೆ ಮೊದಲ ಬಾರಿಗೆ ಕೋಣೆಯ ಗಾಳಿಯಲ್ಲಿ ಇರುವಂತೆ, ಕತ್ತರಿಸಿ ಅಂಟಿಸಿದಂತಲ್ಲದೆ, ಕಾಣುತ್ತದೆ. ಕೂದಲು ಹಣೆಯನ್ನು ಸೇರುವ ಜಾಗವೂ ಹಾಗೆಯೇ: ಅಲ್ಲಿ ಒಂದೊಂದೇ ಕೂದಲನ್ನು ಎಳೆಯದೆ, ಎರಡು ಬಣ್ಣಗಳೂ ಹಸಿಯಿರುವಾಗಲೇ ಒಂದನ್ನು ಇನ್ನೊಂದರೊಳಗೆ ಸರಿಸಿ. ಗಟ್ಟಿ ಅಂಚುಗಳು ಚಿತ್ರದಲ್ಲಿ ಎಣಿಸುವಷ್ಟೇ ಇರಲಿ: ಬೆಳಕಿನ ಬದಿಯ ಕಣ್ಣಿನ ಮೇಲಿನ ರೆಪ್ಪೆ, ಮೂಗಿನ ನೆರಳಿನ ತುದಿ, ಬೇಕಿದ್ದರೆ ಕಾಲರಿನ ಒಂದು ಮೂಲೆ.

ಕಣ್ಣು ಮತ್ತು ಬಾಯಿ

ಚಿಕ್ಕ ಬ್ರಷ್ ಈಗ ಹೊರಬರಬಹುದು. ಕಣ್ಣಿನ ಬಿಳಿ ಬಿಳಿಯಲ್ಲ. ರೆಪ್ಪೆಯ ನೆರಳು ಅದರ ಮೇಲೆ ಬೀಳುವುದರಿಂದ ಅದು ಅನೇಕ ಸಲ ಪಕ್ಕದ ಚರ್ಮಕ್ಕಿಂತಲೂ ಮಬ್ಬಾಗಿರುತ್ತದೆ. ಮೇಲಿನ ರೆಪ್ಪೆ ಪಾಪೆಯ ಸುತ್ತಲಿನ ಬಣ್ಣದ ವೃತ್ತದ ಮೇಲ್ತುದಿಯನ್ನು ಮುಚ್ಚಿರುತ್ತದೆ, ಆದ್ದರಿಂದ ಪೂರ್ಣ ವೃತ್ತ ಬರೆದರೆ ಮುಖ ಬೆಚ್ಚಿಬಿದ್ದಂತಾಗುತ್ತದೆ. ಹೊಳಪಿನ ಚುಕ್ಕಿಯನ್ನು ಕೊನೆಗೆ, ಒಂದೇ ಸಲ, ದಪ್ಪ ಬಣ್ಣದಲ್ಲಿ ಇಡಿ. ಎರಡೂ ಕಣ್ಣುಗಳಲ್ಲಿ ಒಂದೇ ತೀವ್ರತೆಯ ಚುಕ್ಕಿಗಳು ಬೇಡ. ಬಾಯಿಯನ್ನು ಗೆರೆಯಿಂದ ಬರೆಯಬಾರದು. ಬೆಳಕು ಮೇಲಿನಿಂದ ಬರುವಾಗ ಮೇಲ್ದುಟಿ ನೆರಳಿನ ಒಂದು ತೇಪೆ, ಕೆಳದುಟಿ ಬೆಳಕಿನ ಒಂದು ತೇಪೆ, ಅದರಡಿಯ ತಗ್ಗು ಇನ್ನೊಂದು ನೆರಳು. ತುಟಿಯ ಹೊರಗಡಿ ಹೆಚ್ಚಿನ ಕಡೆ ಚರ್ಮದೊಳಗೇ ಕರಗಿರುತ್ತದೆ.

ಫೋಟೊದಿಂದ ಬರೆಯುವವರಿಗೆ

ಎಲ್ಲರಿಗೂ ರೂಪದರ್ಶಿ ಸಿಗುವುದಿಲ್ಲ. ಫೋಟೊ ಬಳಸುವುದಾದರೆ, ಫೋಟೊ ತಾನೇ ಒಂದು ಭ್ರಮೆ ಎಂಬುದು ನೆನಪಿರಲಿ: ತೀರ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ, ನೆರಳುಗಳು ನಿಜಕ್ಕಿಂತ ಕಪ್ಪಾಗಿ ಮುಚ್ಚಿಕೊಳ್ಳುತ್ತವೆ. ಚಕ್ ಕ್ಲೋಸ್ 1967-68ರಲ್ಲಿ ಬರೆದ ಒಂಬತ್ತು ಅಡಿಯಷ್ಟು ಎತ್ತರದ ಕಪ್ಪುಬಿಳುಪು ಸ್ವಂತ ಭಾವಚಿತ್ರದಲ್ಲಿ ಈ ದೋಷಗಳನ್ನು ತಿದ್ದಲಿಲ್ಲ, ಕ್ಯಾಮೆರಾದ ಮಸುಕನ್ನೂ ಬೇಕೆಂದೇ ಬರೆದ. ಮುಖಗಳನ್ನು ನೆನಪಿಟ್ಟುಕೊಳ್ಳಲಾಗದ ತೊಂದರೆ ಅವನಿಗಿತ್ತು, ಚಪ್ಪಟೆಯಾದ ಚಿತ್ರದಿಂದಲೇ ಅವನು ಮುಖಗಳನ್ನು ಕಲಿತುಕೊಳ್ಳುತ್ತಿದ್ದ. 1988ರಲ್ಲಿ ಬೆನ್ನುಹುರಿಯ ರಕ್ತನಾಳದ ತೊಂದರೆಯಿಂದ ದೇಹದ ಹೆಚ್ಚಿನ ಭಾಗ ನಿಷ್ಕ್ರಿಯವಾದ ಮೇಲೆಯೂ ಚೌಕಳಿಯ ಪ್ರತಿ ಮನೆಯಲ್ಲಿ ಬಣ್ಣದ ಉಂಗುರಗಳನ್ನೂ ಬಿಲ್ಲೆಗಳನ್ನೂ ಇಡುತ್ತ ಬೃಹತ್ ಮುಖಗಳನ್ನು ಬರೆದ. ಆ ಮನೆಗಳಲ್ಲಿ ಯಾವುದನ್ನೇ ಬಿಡಿಯಾಗಿ ನೋಡಿದರೂ ಅದು ಪುಟ್ಟ ಅಮೂರ್ತ ಚಿತ್ರ. ಅಭ್ಯಾಸಕ್ಕಾಗಿ ನೀವೂ ಫೋಟೊವನ್ನು ಅಗಲಕ್ಕೆ 12, ಎತ್ತರಕ್ಕೆ 16 ಮನೆಗಳಾಗಿ ಗೆರೆ ಹಾಕಿ, ಪ್ರತಿ ಮನೆಗೂ ಒಂದೇ ಬಣ್ಣ ತುಂಬಿ ನೋಡಬಹುದು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.

ಎಲ್ಲಿ ನಿಲ್ಲಿಸಬೇಕು

ನಾಲ್ಕನೆಯ ಬೈಠಕ್‌ನಲ್ಲಿ ಕೈ ಎಲ್ಲ ಕಡೆಗೂ ಓಡುತ್ತದೆ: ಅಂಗಿಯ ಗುಂಡಿ, ಕಿವಿಯ ಮಡಿಕೆ, ಹಿನ್ನೆಲೆಯ ಗೋಡೆ. ಈಗ ಚಿತ್ರದಲ್ಲಿ ಭ್ರಮೆ ಅತ್ಯಂತ ಗಾಢವಾಗಿರಬೇಕಾದ ಜಾಗವೊಂದನ್ನು ಆರಿಸಿಕೊಳ್ಳಿ. ಬಹುಪಾಲು ಚಿತ್ರಗಳಲ್ಲಿ ಅದು ಬೆಳಕಿನ ಬದಿಯ ಕಣ್ಣು ಮತ್ತು ಅದರ ಸುತ್ತಣ ಅಂಗೈಯಷ್ಟು ಜಾಗ. ಅಲ್ಲಿಂದ ದೂರ ಸರಿದಂತೆಲ್ಲ ತೇಪೆಗಳು ದೊಡ್ಡದಾಗಬೇಕು, ವಿವರ ಕಡಿಮೆಯಾಗಬೇಕು. ಭುಜ ಮತ್ತು ಅಂಗಿ ಮೊದಲ ದಿನದ ಬ್ರಷ್ ಗುರುತುಗಳಲ್ಲಿಯೇ ಉಳಿದರೆ ಇನ್ನೂ ಒಳ್ಳೆಯದು. ಎಲ್ಲ ಕಡೆಯೂ ಸಮನಾಗಿ ಮುಗಿಸಿದ ಚಿತ್ರದಲ್ಲಿ ಕಣ್ಣಿಗೆ ನಿಲ್ಲಲು ಜಾಗವಿರುವುದಿಲ್ಲ.

ಬಿಟ್ಟುಬಿಡುವುದೆಂದರೆ ಸೋಮಾರಿತನವಲ್ಲ. ಸೆಜಾನ್ 1899ರಲ್ಲಿ ವೊಲ್ಲಾರ್‌ನ ಭಾವಚಿತ್ರಕ್ಕಾಗಿ ಅವನನ್ನು 115 ಬಾರಿ ಕೂರಿಸಿದನಂತೆ. ಅಷ್ಟಾದರೂ ಕೈಯ ಮೇಲೆ ಎರಡು ಪುಟ್ಟ ಜಾಗಗಳು ಬಣ್ಣವಿಲ್ಲದೆ ಉಳಿದಿದ್ದವು. ವೊಲ್ಲಾರ್ ಅದನ್ನು ಕೇಳಿದಾಗ, ಅಲ್ಲಿ ಯಾವುದಾದರೊಂದು ಬಣ್ಣವನ್ನು ಸುಮ್ಮನೆ ತುಂಬಿದರೆ ಆ ಜಾಗದಿಂದ ಶುರುಮಾಡಿ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕಾದೀತು ಎಂಬ ಅರ್ಥದ ಉತ್ತರ ಬಂತೆಂದು ಅವನೇ ಬರೆದಿಟ್ಟಿದ್ದಾನೆ. ಇದರಲ್ಲಿ ಹಠದ ಪಾಲೂ ಇರಬಹುದು, ಆದರೆ ಒಂದು ಕೆಲಸದ ಸೂತ್ರವೂ ಇದೆ: ಹೊಸ ತೇಪೆಯೊಂದನ್ನು ಇಡುವ ಮೊದಲು, ಅದು ಪಕ್ಕದ ಮೂರು ತೇಪೆಗಳಿಗೆ ಏನು ಮಾಡುತ್ತದೆಂದು ಹೇಳಲು ನಿಮಗೆ ಬರದಿದ್ದರೆ ಅದನ್ನು ಇಡಬೇಡಿ.

ಚಿತ್ರವನ್ನು ಒಂದು ವಾರ ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಮತ್ತೆ ತಿರುಗಿಸಿದಾಗ ಮೊದಲ ಕ್ಷಣದಲ್ಲಿ ಕಣ್ಣಿಗೆ ಕುಕ್ಕಿದ್ದನ್ನು ಮಾತ್ರ ತಿದ್ದಿ, ಅದೂ ಸಾಧ್ಯವಾದಷ್ಟು ದೊಡ್ಡ ಬ್ರಷ್ಷಿನಿಂದ. ತೈಲವರ್ಣಕ್ಕೆ ವಾರ್ನಿಷ್ ಹಚ್ಚಲು, ಬಣ್ಣದ ದಪ್ಪವನ್ನು ನೋಡಿಕೊಂಡು, ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯಬೇಕು.

ಕಾಯುವ ಆ ಅವಧಿಯಲ್ಲಿ ಅದೇ ವ್ಯಕ್ತಿಯನ್ನು ಅವರಿಲ್ಲದೆಯೇ, ಮೊದಲ ಚಿತ್ರವನ್ನೂ ನೋಡದೆ, ಇನ್ನೊಮ್ಮೆ ಬರೆಯಿರಿ. ಪಿಕಾಸೊ ಲೇಖಕಿ ಗರ್ಟ್ರೂಡ್ ಸ್ಟೈನ್‌ಳ ಭಾವಚಿತ್ರಕ್ಕಾಗಿ 1905-06ರಲ್ಲಿ ಅವಳನ್ನು ಎಂಬತ್ತಕ್ಕೂ ಹೆಚ್ಚು ಬಾರಿ ಕೂರಿಸಿ, ಕೊನೆಗೆ ನೋಡಿದರೂ ಅವಳು ಕಾಣುತ್ತಿಲ್ಲವೆಂದು ತಲೆಯನ್ನು ಅಳಿಸಿಹಾಕಿ ಸ್ಪೇನಿಗೆ ಹೊರಟುಹೋದ. ಹಿಂದಿರುಗಿದ ಮೇಲೆ ಅವಳು ಎದುರಿಗಿಲ್ಲದೆಯೇ ಮುಖವಾಡದಂಥ ಈಗಿನ ಮುಖವನ್ನು ಬರೆದು ಮುಗಿಸಿದ. ನಿಮ್ಮ ಎರಡನೆಯ ಚಿತ್ರಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಕೊಡಬೇಡಿ, ಚಿಕ್ಕ ಬ್ರಷ್ ಮುಟ್ಟಬೇಡಿ. ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ವಿವರಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ; ಮುಂದಿನ ರೂಪದರ್ಶಿ ಬಂದು ಕುಳಿತಾಗ ಆ ಪಟ್ಟಿಯನ್ನು ಈಸಲ್‌ಗೆ ಅಂಟಿಸಿಕೊಂಡು ಕೆಲಸ ಶುರುಮಾಡಿ.